ಮನೆಯ ಬೆಳಕಿಗೊಂದು ಕಾವಲು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅನಂತರ ಮನೆಮನೆಗೆ ಬಂದ ಈ ಶಕ್ತಿ ಬಹುಕಾಲ ನಾಲ್ಕು ದೀಪ, ಒಂದು ಫ್ಯಾನಿಗೆ ಸೀಮಿತವಾಗಿತ್ತು. ಇಂದು ಅದೇ ಹಳೆಯ ಫ್ಯೂಸ್ ಹಲಗೆಯ ಮೇಲೆ ಗೀಸರು, ಗ್ರೈಂಡರು, ಫ್ರಿಜ್ಜುಗಳ ಭಾರವನ್ನೆಲ್ಲ ನಾವು ಹೊರಿಸಿದ್ದೇವೆ.

2,000 ವ್ಯಾಟಿನ ಗೀಸರೊಂದೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ದೀಪಗಳ 5 ಆಂಪಿಯರ್ ಸಾಲಿಗೆ ಜೋಡಿಸಿದರೆ ಫ್ಯೂಸು ಮತ್ತೆ ಮತ್ತೆ ಕರಗುವುದು ಸಹಜ. ಆಗ ದಪ್ಪ ತಂತಿ ಸುತ್ತಿ ಸುಮ್ಮನಾಗುವುದು ಕಾವಲುಗಾರನ ಬಾಯಿ ಕಟ್ಟಿದಂತೆ. ಫ್ಯೂಸು ಉಳಿಯುತ್ತದೆ, ಗೋಡೆಯೊಳಗಿನ ತಂತಿ ಕಾದು ಬೆಂಕಿಗೆ ಹಾದಿಯಾಗುತ್ತದೆ.

ಆದುದರಿಂದ ಬಂಧುಗಳು ಮನೆಯ ಒಟ್ಟು ಭಾರವನ್ನು ಲೆಕ್ಕ ಹಾಕಿ, ಅದು ಮಂಜೂರಾದ ಕಿಲೋವ್ಯಾಟನ್ನು ಮೀರಿದ್ದರೆ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಬೇಕು. ಪರವಾನಗಿ ಪಡೆದ ಗುತ್ತಿಗೆದಾರರಿಂದ ಗೀಸರಿಗೆ ಪ್ರತ್ಯೇಕ ತಂತಿ, ತಂತಿಯ ಗಾತ್ರಕ್ಕೆ ತಕ್ಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಮಾಡಿಸಬೇಕು. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಬೇಕು. ಮಿಂದು ಒದ್ದೆಗೈಯಲ್ಲೇ ಪೂಜೆಯ ದೀಪದ ಸ್ವಿಚ್ಚು ಮುಟ್ಟುವ ಹಿರಿಯರಿರುವ ಮನೆಗೆ ಇದು ಅತ್ಯವಶ್ಯ.

ಕಾಯವನ್ನು ಪವಿತ್ರವೆಂದು ಬಗೆದ ಶರಣರ ಮಕ್ಕಳು ನಾವು. ಕಾಯಕ್ಕೇ ಕುತ್ತು ತರುವ ಉಳಿತಾಯವು ಉಳಿತಾಯವಲ್ಲ.