ಮೆಕ್ಕೆಜೋಳದ ರಂಜಕ ಕೋಳಿಗೆ ದಕ್ಕುವ ಬಗೆ

ಪ್ರಶ್ನೆ: ಕೋಳಿ ಆಹಾರಕ್ಕೆ ಫೈಟೇಸ್ ಬೆರೆಸುವುದೇಕೆ?

ಉತ್ತರ: ದಾವಣಗೆರೆ, ಹರಿಹರಗಳ ಸುತ್ತ ಹೇರಳವಾಗಿ ಬೆಳೆಯುವ ಮೆಕ್ಕೆಜೋಳದ ಕಾಳಿನಲ್ಲಿರುವ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟಿಕ್ ಆಮ್ಲದ ರೂಪದಲ್ಲಿರುತ್ತದೆ; ಉಂಗುರಾಕಾರದ ಇಂಗಾಲದ ಅಣುವೊಂದಕ್ಕೆ 6 ಫಾಸ್ಫೇಟ್ ಗುಂಪುಗಳು ಆಮ್ಲಜನಕದ ಮೂಲಕ ಬೆಸೆದುಕೊಂಡು ಆದ ಈ ಬಗೆಯ ಸಂಯುಕ್ತವನ್ನು ಫಾಸ್ಫೇಟ್ ಎಸ್ಟರ್ ಎನ್ನುತ್ತಾರೆ. ನೀರು ಈ ಬೆಸುಗೆಯನ್ನು ತಾನಾಗಿ ಒಡೆಯಬಲ್ಲದಾದರೂ ಆ ಕ್ರಿಯೆ ಊಹೆಗೂ ನಿಲುಕದಷ್ಟು ನಿಧಾನ: ಜೀವರಸಾಯನ ವಿಜ್ಞಾನಿ ರಿಚರ್ಡ್ ವುಲ್ಫೆಂಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸರಳ ಫಾಸ್ಫೇಟ್ ಎಸ್ಟರಿನ ಅರ್ಧ ಭಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆಯಲು ಸುಮಾರು 1 ಲಕ್ಷ ಕೋಟಿ ವರ್ಷ ಬೇಕು, ವಿಶ್ವದ ವಯಸ್ಸೇ ಅದರ ಮುಂದೆ ಅಲ್ಪ. ಇದೇ ಕ್ರಿಯೆಯನ್ನು ಫೈಟೇಸ್ ಬಹಳ ಬೇಗ ನಡೆಸುತ್ತದೆ: ಆಹಾರಕ್ಕೆ ಸಾಮಾನ್ಯವಾಗಿ ಬೆರೆಸುವ ಫೈಟೇಸ್ ಕಿಣ್ವದ ಕುಳಿಯಲ್ಲಿ ಧನಾವೇಶದ ಅಮೈನೋ ಆಮ್ಲಗಳಾದ ಆರ್ಜಿನಿನ್‌ಗಳು ಋಣಾವೇಶದ ಫಾಸ್ಫೇಟನ್ನು ಹಿಡಿದು ನಿಲ್ಲಿಸಿದಾಗ, ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೋ ಆಮ್ಲ ರಂಜಕಕ್ಕೆ ಅಂಟಿಕೊಳ್ಳುತ್ತದೆ, ಆಸ್ಪಾರ್ಟಿಕ್ ಆಮ್ಲವು ಕಳಚುವ ಆಮ್ಲಜನಕಕ್ಕೆ ಪ್ರೋಟಾನ್ ಒದಗಿಸುತ್ತದೆ; ಬಳಿಕ ನೀರು ಹಿಸ್ಟಿಡಿನ್‌ನಿಂದ ಫಾಸ್ಫೇಟನ್ನು ಬಿಡಿಸುವುದರಿಂದ ಕಿಣ್ವ ಮತ್ತೊಂದು ಸುತ್ತಿಗೆ ಸಿದ್ಧವಾಗುತ್ತದೆ. ಕೋಳಿಯ ಕರುಳಿನಲ್ಲಿ ಈ ಕಿಣ್ವ ಸಾಕಷ್ಟಿಲ್ಲವಾದ್ದರಿಂದ, ಹೊರಗಿನಿಂದ ಬೆರೆಸದಿದ್ದರೆ ಫೈಟಿಕ್ ಆಮ್ಲದ ರಂಜಕದ ಬಹುಪಾಲು ಹಿಕ್ಕೆಯಲ್ಲೇ ಹೋಗುತ್ತದೆ.