ಹತ್ತು ಪಿಎಸ್‌ಐ ಗಾಳಿಯ ಮೇಲೆ

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ನಾವೆಲ್ಲ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ. ಟೈರು ತಗ್ಗದಿದ್ದರೆ ಸಮಾಧಾನ. ನಾಲ್ಕು ಇಂಚು ಅಗಲದ ದಪ್ಪ ಟೈರಿನ ವಿದ್ಯುತ್ ಸೈಕಲ್ಲು ಮಣ್ಣಿನ ಹಾದಿಗೆ ಇಳಿಯುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಅದರೊಳಗೆ ಇರಬೇಕಾದದ್ದು 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಆಸುಪಾಸಿನ ಒತ್ತಡ. ಒತ್ತಿದರೆ ಬೆರಳು ಒಳಗೆ ಹೋಗಲೇಬೇಕು. ಸಡಿಲ ಮರಳಿನಲ್ಲಿ ಇನ್ನೂ ಕಡಿಮೆ, ಆರೇಳಕ್ಕೂ ಇಳಿಸುವವರಿದ್ದಾರೆ.

ಇದರ ಹಿಂದಿನ ಗಣಿತ ಸರಳ. ಸವಾರ 75 ಕೆಜಿ, ಮೋಟಾರು ಬ್ಯಾಟರಿ ಸಮೇತ ಸೈಕಲ್ಲು 30 ಕೆಜಿ ಎಂದಿಟ್ಟುಕೊಳ್ಳಿ. ಒಟ್ಟು 105 ಕೆಜಿ, ಅಂದರೆ ಸುಮಾರು 231 ಪೌಂಡು. ಟೈರಿನಲ್ಲಿ 40 ಪಿಎಸ್‌ಐ ಗಾಳಿ ಇದ್ದರೆ ಈ ಭಾರವನ್ನು ಹೊರಲು ಎರಡೂ ಚಕ್ರ ಸೇರಿ ಆರು ಚದರ ಇಂಚಿನಷ್ಟು ನೆಲ ಸಾಕು. 10ಕ್ಕೆ ಇಳಿಸಿದರೆ ಆ ಜಾಗ 23 ಚದರ ಇಂಚಿಗೆ ಹಿಗ್ಗುತ್ತದೆ. ರಬ್ಬರಿನ ಸ್ವಂತ ಬಿಗಿತದಿಂದ ಒಂದಿಷ್ಟು ಹೆಚ್ಚುಕಡಿಮೆ ಆದೀತು, ಆದರೆ ಮೂಲ ವಿಷಯ ಇಷ್ಟೇ: ಭಾರ ಹರಡುತ್ತದೆ, ಚಕ್ರ ಹೂತುಹೋಗುವುದಿಲ್ಲ, ಸಣ್ಣ ಕಲ್ಲು ಬೇರುಗಳನ್ನು ಟೈರು ತನ್ನೊಳಗೆ ತೆಗೆದುಕೊಂಡು ದಾಟುತ್ತದೆ. ತೆಳ್ಳನೆಯ ಟೈರಿಗೆ ಇಷ್ಟು ಕಡಿಮೆ ಗಾಳಿ ಹಾಕಿದರೆ ಮೊದಲ ಕಲ್ಲಿಗೇ ರಿಮ್ಮು ನೆಲಕ್ಕೆ ಬಡಿದು ಟ್ಯೂಬು ಸೀಳುತ್ತದೆ. ಅಗಲವಿರುವುದು ನೋಟಕ್ಕಲ್ಲ, ಕಡಿಮೆ ಒತ್ತಡದಲ್ಲಿ ಬದುಕಲು.

ಈ ಜ್ಞಾನ ಹುಟ್ಟಿದ್ದು ಹಿಮದಲ್ಲಿ ಮತ್ತು ಮರಳಿನಲ್ಲಿ. ಅಲಾಸ್ಕಾದಲ್ಲಿ 1987ರಲ್ಲಿ ನಾಯಿಬಂಡಿಗಳ ಇಡಿಟರಾಡ್ ಜಾಡಿನ ಮೇಲೆ ಸೈಕಲ್ ಸ್ಪರ್ಧೆ ಶುರುವಾಯಿತು. ಅಲ್ಲಿನ ಸವಾರರು ಎರಡು ರಿಮ್ಮುಗಳನ್ನು ಪಕ್ಕಪಕ್ಕ ಜೋಡಿಸಿ ಅಗಲ ಚಕ್ರ ಮಾಡಿಕೊಂಡರು. ಫೇರ್‌ಬ್ಯಾಂಕ್ಸ್ ಊರಿನ ಸೈಮನ್ ರಾಕೋವರ್ 44 ಮಿ.ಮೀ. ಅಗಲದ ಸ್ನೋಕ್ಯಾಟ್ ರಿಮ್ಮನ್ನು ತಯಾರಿಸಿದರು. ಅತ್ತ ದಕ್ಷಿಣದ ನ್ಯೂ ಮೆಕ್ಸಿಕೊದಲ್ಲಿ ರೇ ಮೊಲಿನಾ ಮರುಭೂಮಿಗೆಂದು ಇನ್ನೂ ಅಗಲವಾದ ರಿಮ್ಮು, ಟೈರು ಮಾಡಿಸಿದರು. 2005ರಲ್ಲಿ ಮಿನ್ನೆಸೋಟದ ಸರ್ಲಿ ಕಂಪನಿ ಪಗ್ಸ್ಲೀ ಎಂಬ ಸೈಕಲ್ಲನ್ನು ಅಂಗಡಿಗೆ ತಂದಾಗ, ಕೆಲವೇ ಜನರ ಕೈಗೆಲಸವಾಗಿದ್ದದ್ದು ಎಲ್ಲರ ಕೈಗೂ ಸಿಗುವಂತಾಯಿತು. ಮೋಟಾರು ಬಂದು ಸೇರಿಕೊಂಡದ್ದು ಆಮೇಲೆ. ಸೇರಿದ್ದಕ್ಕೆ ಕಾರಣವೂ ಇದೆ. ದಪ್ಪ ಟೈರು ಉರುಳಲು ಹೆಚ್ಚು ಬಲ ಬೇಡುತ್ತದೆ, ಅದರಲ್ಲೂ ಡಾಂಬರಿನ ಮೇಲೆ ಕಾಲು ಸೋಲಿಸುತ್ತದೆ. ಆ ಸಾಲವನ್ನು ಮೋಟಾರು ತೀರಿಸುತ್ತದೆ.

ಆದ್ದರಿಂದ ಇಂಥ ಸೈಕಲ್ಲಿನ ಆಯ್ಕೆಗೆ ಹೊರಟವರು ಮೊದಲು ನೋಡಬೇಕಾದದ್ದು ತಮ್ಮ ನೆಲವನ್ನು. ಗೋಕರ್ಣದ ಕಡೆಯ ಕಡಲಂಚಿನ ಮರಳು, ಬೇಸಿಗೆಯಲ್ಲಿ ಒಣಗಿದ ಹಳ್ಳದ ಪಾತ್ರ, ಬಯಲುಸೀಮೆಯ ಸಡಿಲ ಗರಸು ಇವಕ್ಕೆ ನಾಲ್ಕು ಇಂಚಿನ ಟೈರು ನಿಜಕ್ಕೂ ಬೇಕು. ಮಲೆನಾಡಿನ ತೋಟದ ದಾರಿಗಳಲ್ಲಿ, ಕರಾವಳಿಯ ಮುರಕಲ್ಲಿನ ಗಟ್ಟಿ ನೆಲದಲ್ಲಿ 2.6 ಅಥವಾ 2.8 ಇಂಚಿನ ಟೈರಿನ ಸೈಕಲ್ಲೇ ಚುರುಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಉತ್ತರ ಕರ್ನಾಟಕದ ಎರೆ ಭೂಮಿ ಮಳೆಯಲ್ಲಿ ನೆನೆದಿದ್ದರೆ ಯಾವ ಅಗಲವೂ ಉಪಯೋಗಕ್ಕೆ ಬಾರದು. ಕಪ್ಪು ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಅಂಥ ಊರಿನವರು ಟೈರಿನ ಎರಡೂ ಬದಿ ಬೆರಳು ತೂರುವಷ್ಟು ಜಾಗ ಬಿಟ್ಟಿರುವ ಚೌಕಟ್ಟನ್ನೇ ಆರಿಸಬೇಕು. ಮಡಚುವ ಮಾದರಿಗಳಲ್ಲಿ 20 ಇಂಚಿನ ಚಕ್ರ ಬರುತ್ತದೆ. ಸಾಗಿಸಲು ಸುಲಭ, ನಿಜ. ಕಲ್ಲಿನ ಹಾದಿಯಲ್ಲಿ ಮಾತ್ರ ಚಿಕ್ಕ ಚಕ್ರ ಪ್ರತಿ ಗುಂಡಿಗೂ ಇಳಿದು ಏಳುತ್ತದೆ. ಹಾದಿ ಸವಾರಿಗೆ 26 ಇಂಚೇ ಸರಿ.

ದಪ್ಪ ಟೈರು ಇರುವಾಗ ಮುಂದಿನ ಸಸ್ಪೆನ್ಷನ್ ಏಕೆ ಎಂದು ಕೇಳುವವರುಂಟು. ಟೈರು ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಆದರೆ ಅದರ ಪುಟಿತವನ್ನು ತಡೆಯುವ ವ್ಯವಸ್ಥೆ ಅದರಲ್ಲಿಲ್ಲ. ಗಾಳಿ ಸ್ವಲ್ಪ ಹೆಚ್ಚಾದರೂ ಇಳಿಜಾರಿನಲ್ಲಿ ಚೆಂಡಿನಂತೆ ನೆಗೆಯುತ್ತದೆ. ತೀರಾ ಕಡಿಮೆಯಾದರೆ ಗಟ್ಟಿ ನೆಲದಲ್ಲಿ ಹ್ಯಾಂಡಲ್ಲು ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ. ಇವೆರಡರ ನಡುವಿನ ಬಿಂದುವನ್ನು ಹುಡುಕುವುದೇ ಈ ಸವಾರಿಯ ನಿಜವಾದ ವಿದ್ಯೆ. ಹತ್ತರಲ್ಲಿ ಎರಡು ಪಿಎಸ್‌ಐ ಎಂದರೆ ಶೇ. 20ರ ವ್ಯತ್ಯಾಸ, 160ರವರೆಗೆ ಗುರುತುಗಳಿರುವ ಮಾಮೂಲಿ ಪಂಪಿನ ಮುಳ್ಳು ಅದನ್ನು ತೋರಿಸಲಾರದು. ಕಡಿಮೆ ಒತ್ತಡವನ್ನು ಅಳೆಯುವ ಚಿಕ್ಕ ಗೇಜನ್ನು ಸೈಕಲ್ಲಿನ ಜೊತೆಗೇ ಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವ ಕೆರೆ ಏರಿಯ ಮೇಲೆ ಓಡಾಡುವವರಿಗೆ ಟ್ಯೂಬಿಲ್ಲದ ಟೈರು, ಒಳಗೆ ಸೀಲೆಂಟ್ ದ್ರವ ದೊಡ್ಡ ಉಪಕಾರ. ತೂಕ ಇಳಿಸಲೆಂದು ನಡುವೆ ತೂತು ಕೊರೆದ ಅಗ್ಗದ ರಿಮ್ಮುಗಳಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು.

ಮೋಟಾರಿನ ವಿಷಯದಲ್ಲಿ ಎರಡು ದಾರಿ. ಹಿಂದಿನ ಚಕ್ರದ ಹಬ್ಬಿನಲ್ಲೇ ಕೂರುವ ಮೋಟಾರು ಒಂದು, ಪೆಡಲುಗಳ ನಡುವೆ ಕೂರುವುದು ಇನ್ನೊಂದು. ನಮ್ಮಲ್ಲಿ ಸಿಗುವ ದಪ್ಪ ಟೈರಿನ ವಿದ್ಯುತ್ ಸೈಕಲ್ಲುಗಳಲ್ಲಿ ಹಬ್ ಮೋಟಾರಿನವೇ ಹೆಚ್ಚು. ಬೆಲೆ ಕಡಿಮೆ, ರಗಳೆ ಕಡಿಮೆ. ಸಮತಟ್ಟು ಹಾದಿಗೆ ಅದರಲ್ಲಿ ಕೊರತೆಯೇನೂ ಇಲ್ಲ. ಕಡಿದಾದ ಏರಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. 26 ಇಂಚಿನ ದಪ್ಪ ಟೈರಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ 180 ಸುತ್ತು ಹಾಕುತ್ತದೆ, ಏರಿನಲ್ಲಿ 6 ಕಿ.ಮೀ.ಗೆ ಇಳಿದಾಗ ಬರೀ 43. ಹಬ್ ಮೋಟಾರು ಚಕ್ರಕ್ಕೇ ಕಟ್ಟುಬಿದ್ದಿರುವುದರಿಂದ ತಾನೂ ಅಷ್ಟೇ ನಿಧಾನವಾಗಿ ತಿಣುಕುತ್ತದೆ. ಬ್ಯಾಟರಿಯಿಂದ ಬಂದ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ನಡುವಿನ ಮೋಟಾರಿನ ಬಲ ಚೈನು ಮತ್ತು ಗಿಯರುಗಳ ಮೂಲಕ ಹಾದುಹೋಗುತ್ತದೆ. ಮುಂದೆ 32 ಹಲ್ಲು, ಹಿಂದೆ 46 ಹಲ್ಲಿನ ಗಿಯರಿಗೆ ಹಾಕಿದರೆ ಅದೇ 6 ಕಿ.ಮೀ. ವೇಗದಲ್ಲಿ ಪೆಡಲು ನಿಮಿಷಕ್ಕೆ 60ಕ್ಕೂ ಹೆಚ್ಚು ಸುತ್ತು ಸರಾಗವಾಗಿ ತಿರುಗುತ್ತದೆ. ನಿಮ್ಮ ಕಾಲಿಗೂ ಮೋಟಾರಿಗೂ ಒಂದೇ ಗಿಯರು ಹಿತ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇದಕ್ಕೆ ತೆರುವ ಬೆಲೆ ಚೈನು ಬೇಗ ಸವೆಯುವುದು, ಗಿಯರ್ ಬದಲಿಸುವ ಕ್ಷಣದಲ್ಲಿ ತುಳಿತವನ್ನು ಸಡಿಲಿಸುವ ಅಭ್ಯಾಸ ಮಾಡಿಕೊಳ್ಳಬೇಕಾದದ್ದು.

ಮೋಟಾರು ಎಲ್ಲಿದೆ ಎಂಬುದಕ್ಕಿಂತ, ಅದು ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದು ಹಾದಿಯಲ್ಲಿ ಹೆಚ್ಚು ಮುಖ್ಯ. ಅಂಗಡಿಯಲ್ಲಿ ವ್ಯಾಟುಗಳ ಮಾತು ಬರುತ್ತದೆ, ಸೆನ್ಸರಿನ ಮಾತು ಬರುವುದು ಅಪರೂಪ. ಅಗ್ಗದ ಸೈಕಲ್ಲುಗಳಲ್ಲಿ ಪೆಡಲು ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ತಿಳಿಯುವ ಸೆನ್ಸರ್ ಇರುತ್ತದೆ. ಮೆಲ್ಲಗೆ ತುಳಿದರೂ ಜೋರಾಗಿ ತುಳಿದರೂ ಅದಕ್ಕೆ ಒಂದೇ. ಅರೆಕ್ಷಣ ತಡೆದು ಒಮ್ಮೆಲೇ ದಬ್ಬುತ್ತದೆ. ಜಲ್ಲಿಯ ತಿರುವಿನಲ್ಲಿ, ಪಕ್ಕದಲ್ಲಿ ಇಳಿಜಾರಿರುವಾಗ ಆ ದಬ್ಬು ಅಪಾಯಕಾರಿ. ಟಾರ್ಕ್ ಸೆನ್ಸರ್ ಇದ್ದರೆ ಅದು ಪಾದದ ಒತ್ತನ್ನೇ ಅಳೆಯುತ್ತದೆ. ಕಾಲು ಎಷ್ಟು ಕೇಳಿತೋ ಅದಕ್ಕೆ ತಕ್ಕಷ್ಟು ನೆರವು, ಬಿಟ್ಟೊಡನೆ ನಿಲುಗಡೆ. ಹಿಂದಿನ ಚಕ್ರ ಜಾರದೆ ಮಣ್ಣನ್ನು ಹಿಡಿದುಕೊಳ್ಳುತ್ತದೆ, ಹಾದಿಯೂ ಕಿತ್ತುಹೋಗುವುದಿಲ್ಲ. ದುಡ್ಡು ಒಂದೇ ಕಡೆ ಹೆಚ್ಚು ಹಾಕಬಹುದು ಎಂದಾದರೆ ಇಲ್ಲಿಗೆ ಹಾಕಿ.

ಬ್ಯಾಟರಿಯ ಅಳತೆ ಸುಲಭ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 48 ವೋಲ್ಟ್, 14 ಆಂಪಿಯರ್-ಅವರ್ ಎಂದರೆ 672. ಜಾಹೀರಾತಿನ ಕಿಲೋಮೀಟರುಗಳನ್ನು ಬದಿಗಿಟ್ಟು ಏರನ್ನು ಲೆಕ್ಕ ಹಾಕಿ. 105 ಕೆಜಿಯನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು 29 ವ್ಯಾಟ್-ಅವರ್ ಬೇಕೇ ಬೇಕು. ಮೋಟಾರಿನ ನಷ್ಟ ಸೇರಿದರೆ 40ರ ಹತ್ತಿರ. 400 ಮೀಟರಿನ ಏರೊಂದು, ಕಾಲಿನ ಸಹಾಯವಿಲ್ಲದಿದ್ದರೆ, 160 ನುಂಗುತ್ತದೆ. ಅದರ ಮೇಲೆ ಮರಳಿನ ಎಳೆತ ಬೇರೆ. ಬ್ಯಾಟರಿಯ ಸುರಕ್ಷತೆಗೆ ಇಎನ್ 15194 ಅಥವಾ ಯುಎಲ್ 2849 ಮಾನದಂಡದ ಗುರುತು ಇದೆಯೇ ನೋಡಿಕೊಳ್ಳಿ.

ಬ್ರೇಕು ಹೈಡ್ರಾಲಿಕ್ ಡಿಸ್ಕ್ ಇರಲಿ, ಡಿಸ್ಕಿನ ವ್ಯಾಸ 180 ಮಿ.ಮೀ.ಗೆ ಕಡಿಮೆ ಬೇಡ. ಮೂವತ್ತು ಕೆಜಿಯ ವಾಹನವನ್ನು ಉದ್ದನೆಯ ಇಳಿಜಾರಿನಲ್ಲಿ ಒಂದೇ ಬೆರಳಿನಿಂದ ಅಂಕೆಯಲ್ಲಿಡುವಂತಾಗಬೇಕು.

ಕಾನೂನೂ ಆಯ್ಕೆಯ ಭಾಗವೇ. ಅಮೆರಿಕದಲ್ಲಿರುವ ಕನ್ನಡಿಗರಿಗೆ 750 ವ್ಯಾಟಿನ ಸೈಕಲ್ಲು ಸಾಮಾನ್ಯ. ಅಲ್ಲಿನ ಹಲವು ರಾಜ್ಯಗಳು ಇವನ್ನು ಮೂರು ವರ್ಗ ಮಾಡಿವೆ, ಎಷ್ಟೋ ಹಾದಿಗಳಿಗೆ ಪೆಡಲು ತುಳಿದರಷ್ಟೇ ನೆರವು ಕೊಡುವ, ಗಂಟೆಗೆ 20 ಮೈಲಿಗೆ ನಿಲ್ಲುವ ಒಂದನೇ ವರ್ಗಕ್ಕೆ ಮಾತ್ರ ಪ್ರವೇಶ. ಭಾರತದಲ್ಲಿ ನೋಂದಣಿ, ಲೈಸೆನ್ಸು ಬೇಡವೆಂದರೆ ಮೋಟಾರಿನ ಶಕ್ತಿ 250 ವ್ಯಾಟಿನ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರಬೇಕು. ಹಾದಿ ಸವಾರಿಗೆ ಅಷ್ಟು ಸಾಕು. ಕಾಯ್ದಿಟ್ಟ ಅರಣ್ಯದೊಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಸೈಕಲ್ಲೂ ಇಳಿಯಬಾರದು.

ಕೊಳ್ಳುವ ಮುನ್ನ ಅರ್ಧ ಗಂಟೆಯ ಸವಾರಿ ಕೇಳಿ ಪಡೆಯಿರಿ. ಅತಿ ಕಡಿಮೆ ನೆರವಿನಲ್ಲಿ ಚಿಕ್ಕ ವೃತ್ತದಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ಸೈಕಲ್ಲು ಮುಂದಕ್ಕೆ ನುಗ್ಗಿದರೆ ಅದರ ಸೆನ್ಸರ್ ಒರಟು. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿ. ಕೆಳಗಿಳಿದು ಹ್ಯಾಂಡಲ್ಲು ಹಿಡಿದು ನಾಲ್ಕು ಮೆಟ್ಟಿಲು ಹತ್ತಿಸಿ. ಪೆಡಲುಗಳ ನಡುವಿನ ಅಂತರ ದಪ್ಪ ಟೈರಿನಿಂದಾಗಿ ಹೆಚ್ಚಿರುತ್ತದೆ, ಮಂಡಿಗೆ ಹೊಂದುತ್ತದೆಯೇ ಎಂದು ಗಮನಿಸಿ. ಕಡೆಗೆ ಬ್ಯಾಟರಿ ಬಂದ್ ಮಾಡಿ, ಬರೀ ಕಾಲಿನಲ್ಲಿ ಅರ್ಧ ಕಿಲೋಮೀಟರು ತುಳಿಯಿರಿ. ಹಾದಿಯಲ್ಲಿ ಚಾರ್ಜು ಮುಗಿದ ದಿನ ಮನೆಗೆ ಬರಬೇಕಾದದ್ದು ಹಾಗೆಯೇ.