ಹೊಗೆ ಕಾಣದ ಕೆಂಡವೇ ಹೆಚ್ಚು ಅಪಾಯ: ಹುಳು ಮನೆ, ಬಚ್ಚಲು ಮನೆಯಲ್ಲಿ ಗಾಳಿಗೆ ದಾರಿ ಬಿಡಿ

ಮಾಗಿ ಚಳಿ ಶುರುವಾಯಿತು ಅಂದರೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿ ಕಡೆ ರೇಷ್ಮೆ ಮಾಡುವವರಿಗೆ ಒಂದೇ ಚಿಂತೆ, ಹುಳು ಮನೆ ಬೆಚ್ಚಗಿರಬೇಕು. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಶಾಖ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಕಿಟಕಿಗೆ ಪ್ಲಾಸ್ಟಿಕ್ ಶೀಟ್ ಕಟ್ಟಿ, ಬಾಗಿಲಿಗೆ ಗೋಣಿ ತಾಟು ಇಳಿಬಿಟ್ಟು, ಬಾಂಡ್ಲಿ ತುಂಬ ಇದ್ದಿಲು ಕೆಂಡ ಮಾಡಿ ಒಳಗಿಡುತ್ತಾರೆ. ರಾತ್ರಿ ಎದ್ದು ಸೊಪ್ಪು ಹಾಕಬೇಕಲ್ಲ ಅಂತ ಅಲ್ಲೇ ಚಾಪೆ ಹಾಸಿ ಮಲಗುವವರೂ ಉಂಟು.

ಹೀಗೆ ಮಲಗುವುದು ಪ್ರಾಣಕ್ಕೇ ಅಪಾಯ. ಗೀಸರ್ ಸರಿಯಾಗಿ ಕೂರಿಸದ ಬಚ್ಚಲು ಮನೆಯಲ್ಲಿ, ಅಗ್ಗಿಷ್ಟಿಕೆ ಇಟ್ಟು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇರುವುದೂ ಇದೇ ಅಪಾಯ. ಮೂರೂ ಕಡೆ ಕೊಲ್ಲುವ ಅನಿಲ ಒಂದೇ, ಅದರ ಹೆಸರು ಕಾರ್ಬನ್ ಮಾನಾಕ್ಸೈಡ್.

ದೂರದ ಮಾತಲ್ಲ ಇದು. 2023ರ ಜೂನ್‌ನಲ್ಲಿ, ದೇವನಹಳ್ಳಿಗೆ ಹೋಗುವ ದಾರಿಯ ಚಿಕ್ಕಜಾಲ ಪೊಲೀಸ್ ಠಾಣೆ ವ್ಯಾಪ್ತಿಯ ಒಂದು ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್‌ನಿಂದಾಗಿ ಯುವಕ, ಯುವತಿ ಇಬ್ಬರು ಬಚ್ಚಲು ಮನೆಯಲ್ಲೇ ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿಟ್ಟು ಮಲಗಿದ್ದ ಮೂವರು ಯುವಕರು ಬೆಳಿಗ್ಗೆ ಏಳಲಿಲ್ಲ. ಒಂದು ಕಡೆ ಗ್ಯಾಸು, ಇನ್ನೊಂದು ಕಡೆ ಇದ್ದಿಲು. ಎರಡೂ ಕಡೆ ಉರಿ ಮುಚ್ಚಿದ ಕೋಣೆಯೊಳಗೇ ಇತ್ತು.

ಬೆಂಕಿಗೆ ಗಾಳಿ ಸಾಲದಿದ್ದರೆ ಏನಾಗುತ್ತದೆ?

ಸೌದೆ, ಇದ್ದಿಲು, ಗ್ಯಾಸು, ಸೀಮೆಎಣ್ಣೆ, ಯಾವುದೇ ಇರಲಿ, ಉರಿಯಲು ಆಮ್ಲಜನಕ ಬೇಕು. ಬೇಕಾದಷ್ಟು ಸಿಕ್ಕರೆ ಅದರಲ್ಲಿನ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದೆ ಬಂದರೆ ಅರ್ಧ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ.

ಹಸಿ ಸೌದೆ ಹೊಗೆ ಬಂದರೆ ನಾವೇ ಎದ್ದು ಹೊರಗೆ ಓಡುತ್ತೇವೆ. ಕೆಂಡದಲ್ಲಿ ಹೊಗೆಯೇ ಇಲ್ಲ, ಹಾಗಾಗಿ "ಚೆನ್ನಾಗಿ ಕೆಂಡ ಆಗಿದೆ, ಇನ್ನೇನೂ ಭಯವಿಲ್ಲ" ಅಂದುಕೊಳ್ಳುತ್ತೇವೆ. ಎಡವುವುದು ಇಲ್ಲೇ. ನಿಗಿನಿಗಿ ಕೆಂಡವೂ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ. ಮೇಲೆ ಬೂದಿ ಮುಚ್ಚಿ ಒಳಗೆ ಕುಳಿತ ಕೆಂಡವೂ ಬಿಡುತ್ತದೆ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವುದು ಹಿಮೋಗ್ಲೋಬಿನ್. ಅದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕಾರ್ಬನ್ ಮಾನಾಕ್ಸೈಡ್ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದು ಕೂತರೆ ನಿಜವಾಗಿ ಹೋಗಬೇಕಾದವರು ನಿಂತೇ ಉಳಿಯುತ್ತಾರಲ್ಲ, ಹಾಗೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ.

ಎಷ್ಟು ಕೆಂಡ ಇದ್ದರೆ ಅಪಾಯ? ಒಂದು ಲೆಕ್ಕ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 200 ಪಾಲು ಈ ಅನಿಲ ಸೇರಿದರೆ ಎರಡು ಮೂರು ಗಂಟೆಯಲ್ಲಿ ತಲೆನೋವು ಬರುತ್ತದೆ. 800 ಪಾಲು ಆದರೆ ಮುಕ್ಕಾಲು ಗಂಟೆಯಲ್ಲೇ ತಲೆ ಸುತ್ತು, ವಾಕರಿಕೆ. ಎರಡು ಮೂರು ಗಂಟೆಯಲ್ಲಿ ಸಾವು ಬರಬಹುದು. 1,600 ಪಾಲು ಆದರೆ ಒಂದೇ ಗಂಟೆ ಸಾಕು.

ನಮ್ಮ ಹತ್ತಡಿ ಕೋಣೆಗೆ 800 ಪಾಲು ಅಂದರೆ ಬರೀ 22, 23 ಲೀಟರ್ ಅನಿಲ, ಕುಡಿಯುವ ನೀರಿನ ಒಂದು ಕ್ಯಾನ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟು ಅನಿಲ ಹುಟ್ಟಲು ಬೇಕಾದ ಇಂಗಾಲ ಸುಮಾರು 11 ಗ್ರಾಂ. ಬಾಂಡ್ಲಿಗೆ ನಾವು ಸುರಿಯುವುದು ಕೆ.ಜಿ. ಲೆಕ್ಕದಲ್ಲಿ. ಕೋಣೆಯನ್ನು ಬಿಗಿಯಾಗಿ ಮುಚ್ಚಿದ್ದರೆ, ಒಂದು ಕೆ.ಜಿ. ಇದ್ದಿಲಲ್ಲಿ ನೂರಕ್ಕೆ ಒಂದೆರಡು ಪಾಲು ಅರೆಬರೆ ಸುಟ್ಟರೂ ಸಾಕು, ಗಾಳಿ ವಿಷವಾಗುತ್ತದೆ. "ಸ್ವಲ್ಪವೇ ಕೆಂಡ ಇಟ್ಟಿದ್ದೆವು" ಅನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ.

ಅಜ್ಜಿ ಕಾಲದಲ್ಲಿ ಏನೂ ಆಗುತ್ತಿರಲಿಲ್ಲವಲ್ಲ?

ಹಿರಿಯರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಆಗ ನಾಡಹೆಂಚಿನ ಮನೆ. ಹೆಂಚಿನ ಸಂದಿ ಸಂದಿಯಲ್ಲೂ ಗಾಳಿ ಆಡುತ್ತಿತ್ತು, ಅಡುಗೆ ಮನೆ ಮೇಲೆ ಗವಾಕ್ಷಿ ಇತ್ತು, ಹಂಡೆ ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಗೋಡೆಯ ಆಚೆಗೆ ಇರುತ್ತಿತ್ತು. ಈಗ ಆರ್‌ಸಿಸಿ ಮನೆ. ಅಲ್ಯೂಮಿನಿಯಂ ಕಿಟಕಿ, ಗಾಜು, ಸೊಳ್ಳೆ ಬಾರದ ಹಾಗೆ ಮುಚ್ಚಿದ ಬೆಳಕಿಂಡಿ. ಮನೆ ಬದಲಾಯಿತು, ಬೆಂಕಿ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಅಜ್ಜಿಗೆ ಆಗದ್ದು ನಮಗೆ ಆಗುತ್ತಿದೆ.

ಹುಳು ಮನೆಯಲ್ಲಿ ಏನು ಮಾಡಬೇಕು?

ಮೊದಲನೆಯ ಮಾತು: ಕೆಂಡ ಇಟ್ಟ ಹುಳು ಮನೆಯಲ್ಲಿ ಯಾರೂ ಮಲಗಬಾರದು. ಕೂಲಿಗೆ ಬಂದವರನ್ನೂ ಮಲಗಿಸಬಾರದು. ಸೊಪ್ಪು ಹಾಕಿ, ಥರ್ಮಾಮೀಟರ್ ನೋಡಿ ಹೊರಗೆ ಬನ್ನಿ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಮನೆಯಲ್ಲಿ ಮಲಗಿ.

ಎರಡನೆಯದು: ಕರೆಂಟ್ ಸರಿಯಾಗಿ ಇರುವ ಕಡೆ, ತಾನೇ ಆನ್ ಆಫ್ ಆಗುವ ಥರ್ಮೋಸ್ಟಾಟ್ ಇರುವ ವಿದ್ಯುತ್ ಹೀಟರ್ ಬಳಸಿ. ಚಾಕಿ ಹುಳುವಿಗೆ ಬೇಕಾದ ಚಿಕ್ಕ ಕೋಣೆಗೆ ಇದು ಸಾಲುತ್ತದೆ. ಬಿಲ್ ಸ್ವಲ್ಪ ಹೆಚ್ಚಬಹುದು, ಆದರೆ ಶಾಖವೂ ಒಂದೇ ಸಮ ನಿಲ್ಲುತ್ತದೆ.

ಮೂರನೆಯದು: ಸೌದೆ, ಇದ್ದಿಲು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವವರು ಒಲೆಯ ಬಾಯನ್ನು ಹೊರಗಿಡಿ, ಶಾಖವನ್ನು ಮಾತ್ರ ಒಳಗೆ ತನ್ನಿ. ಹೊರಗೆ ಒಲೆ, ಅಲ್ಲಿಂದ ತಗಡಿನ ಕೊಳವೆ ಕೋಣೆಯ ಒಳಗೆ ಹಾಯ್ದು ಇನ್ನೊಂದು ಕಡೆಯಿಂದ ಮಾಳಿಗೆಯ ಮೇಲಕ್ಕೆ ಹೋಗಬೇಕು. ಕೊಳವೆಯ ಜಾಯಿಂಟ್ ಎಲ್ಲೂ ಬಿಟ್ಟಿರಬಾರದು. ಪ್ರತಿ ಚಳಿಗಾಲಕ್ಕೆ ಮುಂಚೆ ಮಸಿ ತೆಗೆಸಿ, ತುಕ್ಕು ಹಿಡಿದು ತೂತು ಬಿದ್ದಿದೆಯಾ ನೋಡಿ. ಹಕ್ಕಿ ಗೂಡು ಕಟ್ಟಿ ಬಾಯಿ ಮುಚ್ಚಿದ್ದರೆ ಇಡೀ ವಿಷ ಒಳಗೇ ತಿರುಗುತ್ತದೆ.

ನಾಲ್ಕನೆಯದು: ಎಷ್ಟೇ ಚಳಿ ಇದ್ದರೂ ಕೆಳಗೊಂದು, ಎದುರು ಗೋಡೆಯ ಮೇಲೊಂದು ಕಿಂಡಿ ತೆರೆದೇ ಇರಲಿ. ಊಜಿ ನೊಣ ಬರುತ್ತದೆ ಅಂತಿದ್ದರೆ ನೈಲಾನ್ ಪರದೆ ಹೊಡೆಯಿರಿ, ಪ್ಲಾಸ್ಟಿಕ್ ಹೊಡೆಯಬೇಡಿ. ಇದು ಹುಳುವಿಗೂ ಒಳ್ಳೆಯದು. ಉಸಿರು, ಹಾಸಿಗೆಯ ಕಸ, ಕೆಂಡ ಇವೆಲ್ಲದರಿಂದ ಕೂಡುವ ಕೆಟ್ಟ ಗಾಳಿ ಹೊರಗೆ ಹೋಗದಿದ್ದರೆ ಹುಳುವೂ ಸೊರಗುತ್ತದೆ, ಸೊಪ್ಪು ಸರಿಯಾಗಿ ತಿನ್ನುವುದಿಲ್ಲ. ನೆನಪಿರಲಿ, ಬರೀ ಕಿಂಡಿ ಬಿಟ್ಟರೆ ಕೆಂಡದ ಪಕ್ಕ ಮಲಗಬಹುದು ಅಂತಲ್ಲ.

ಕೋಳಿ ಮರಿಗೆ ಶಾಖ ಕೊಡಲು ಶೆಡ್ಡಿಗೆ ಪರದೆ ಇಳಿಸಿ ಇದ್ದಿಲು ಇಡುವವರಿಗೂ ಇದೇ ಮಾತು.

ಬಚ್ಚಲು ಮನೆಯ ಗ್ಯಾಸ್ ಗೀಸರ್

"ಗ್ಯಾಸ್ ಸೋರಿಕೆಯಿಂದ ಸಾವು" ಅಂತ ಸುದ್ದಿ ಓದಿ, ನಾವು ಸಿಲಿಂಡರ್ ಬಳಿ ಮೂಸಿ ನೋಡಿ ಸುಮ್ಮನಾಗುತ್ತೇವೆ. ಎಲ್‌ಪಿಜಿ ಸೋರಿದರೆ ವಾಸನೆ ಬರುತ್ತದೆ, ಅದಕ್ಕೆಂದೇ ವಾಸನೆ ಬೆರೆಸಿರುತ್ತಾರೆ. ಆದರೆ ಒಂದು ತೊಟ್ಟೂ ಸೋರದೆ, ಗೀಸರ್ ಚೆನ್ನಾಗಿ ಉರಿಯುತ್ತಿದ್ದಾಗಲೇ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಒಂದು ಪಾಲು ಎಲ್‌ಪಿಜಿ ಉರಿಯಲು 25ರಿಂದ 30 ಪಾಲು ಗಾಳಿ ಬೇಕು. ನಾಲ್ಕಡಿ, ಆರಡಿಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹತ್ತು ಹದಿನೈದು ನಿಮಿಷ ಬಿಸಿನೀರು ಬಿಟ್ಟರೆ ಗೀಸರೂ ನೀವೂ ಅದೇ ಗಾಳಿಗೆ ಪೈಪೋಟಿ ಮಾಡುತ್ತೀರಿ.

ಗೀಸರ್ ಕೂರಿಸುವಾಗ ಇಷ್ಟು ನೋಡಿ:

• ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿರಲಿ. ಒಳಗೆ ನೀರಿನ ಪೈಪ್ ಮಾತ್ರ ಬರಲಿ.
• ಹೊರಗೆ ಕೂರಿಸಿದರೂ ಬಚ್ಚಲಿನ ಕಿಟಕಿಗೆ, ಮಲಗುವ ಕೋಣೆ ಕಿಟಕಿಗೆ ತಾಗಿದಂತೆ ಬೇಡ. ಬಿಟ್ಟ ಗಾಳಿ ಮತ್ತೆ ಒಳಗೆ ಬರುತ್ತದೆ.
• ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವೆ ಅಂತ ಧೈರ್ಯ ಬೇಡ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಅದೇ ಫ್ಯಾನ್ ಗೀಸರಿನ ಕೆಟ್ಟ ಗಾಳಿಯನ್ನು ಕೋಣೆಗೆ ಎಳೆಯುತ್ತದೆ.
• ಉರಿ ನೀಲಿ ಇರಬೇಕು. ಹಳದಿ ಆಗಿದ್ದರೆ, ಗೀಸರ್ ಮೇಲೆ ಅಥವಾ ಗೋಡೆಗೆ ಮಸಿ ಹಿಡಿದಿದ್ದರೆ ಆವತ್ತೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ.
• ಈಗಾಗಲೇ ಒಳಗೇ ಕೂರಿಸಿದ್ದರೆ, ಹೊರಗೆ ಹಾಕಿಸುವ ತನಕ ಬಾಗಿಲು ತೆರೆದಿಟ್ಟು ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ.

ಸುತ್ತಮುತ್ತ ಕಾರ್ಖಾನೆ, ಗೋದಾಮು ಬಂದ ಮೇಲೆ ಊರಲ್ಲಿ ಬಾಡಿಗೆಗೆ ಕೋಣೆ ಕಟ್ಟಿಸಿದವರಿದ್ದೀರಿ. ಬಾಡಿಗೆದಾರರ ಬಚ್ಚಲಿಗೆ ಮುಚ್ಚಲಾಗದ ಬೆಳಕಿಂಡಿ ಇಡಿಸುವುದು ನಿಮ್ಮ ಜವಾಬ್ದಾರಿ. ಅವರು ಎಲ್ಲಿಂದಲೋ ಹಳೇ ಗೀಸರ್ ತಂದು ಒಳಗೆ ಕೂರಿಸಿದರೆ ಬೇಡ ಅನ್ನಿ.

ಬಾಣಂತಿ, ಮಗು ಇರುವ ಕೋಣೆ

ಬಾಣಂತಿಗೆ ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಡುವ ರೂಢಿ ಇನ್ನೂ ಇದೆ. ಮಗುವಿನ ಉಸಿರಾಟ ದೊಡ್ಡವರಿಗಿಂತ ವೇಗ, ಹಾಗಾಗಿ ವಿಷ ಬೇಗ ಏರುತ್ತದೆ. ಸಾಂಬ್ರಾಣಿ ಹಾಕಲೇಬೇಕು ಅಂತಿದ್ದರೆ ಬಾಗಿಲು ತೆರೆದಿಟ್ಟು ಹಾಕಿ, ಕೆಂಡವನ್ನು ಕೂಡಲೇ ಹೊರಗೆ ಒಯ್ಯಿರಿ. ಬೆಚ್ಚಗಿಡಲು ಕಂಬಳಿ, ಟೋಪಿ, ಬಿಸಿನೀರಿನ ಸ್ನಾನ ಸಾಕು. ರಾತ್ರಿಯಿಡೀ ಕೆಂಡ ಬೇಡವೇ ಬೇಡ.

ಗುರುತು ಹಿಡಿಯುವುದು ಹೇಗೆ?

ತಲೆನೋವು, ತಲೆ ಸುತ್ತು, ವಾಕರಿಕೆ, ಕೈಕಾಲಲ್ಲಿ ಬಲ ಇಲ್ಲದಿರುವುದು, ಮಂಪರು. ಜ್ವರ ಇರುವುದಿಲ್ಲ. ಪಿತ್ತ ಆಗಿದೆ, ದೃಷ್ಟಿ ಆಗಿದೆ ಅಂತ ಜನ ಸುಮ್ಮನಾಗುತ್ತಾರೆ. ಬಚ್ಚಲಲ್ಲಿ ಬಿದ್ದರೆ ಫಿಟ್ಸ್ ಅಂದುಕೊಳ್ಳುತ್ತಾರೆ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದ ಮೇಲೆ ಕಡಿಮೆಯಾದರೆ ಈ ಅನಿಲದ ಅನುಮಾನವೇ ಮೊದಲು ಬರಬೇಕು. ಮಲಗಿದವರಿಗೆ ಯಾವ ಸೂಚನೆಯೂ ಗೊತ್ತಾಗುವುದಿಲ್ಲ, ನಿದ್ದೆಯಲ್ಲೇ ಪ್ರಜ್ಞೆ ತಪ್ಪುತ್ತದೆ. ಅದಕ್ಕೇ ರಾತ್ರಿ ಸಾವು ಹೆಚ್ಚು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತ ಬ್ಯಾಟರಿಯ ಚಿಕ್ಕ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆ, ಅದು ಈ ಅನಿಲವನ್ನು ಹಿಡಿಯುವುದಿಲ್ಲ.

ಯಾರಾದರೂ ಬಿದ್ದಿದ್ದರೆ

ಒಬ್ಬರೇ ಒಳಗೆ ನುಗ್ಗಬೇಡಿ, ಎಳೆಯಲು ಹೋದವರೂ ಬೀಳುತ್ತಾರೆ. ಕೂಗಿ ಜನ ಸೇರಿಸಿ. ಬಾಗಿಲು, ಕಿಟಕಿ ಹೊರಗಿನಿಂದಲೇ ತೆರೆಯಿರಿ, ಬೇಕಾದರೆ ಒಡೆಯಿರಿ. ಉಸಿರು ಬಿಗಿಹಿಡಿದು ಹೋಗಿ ಬಿದ್ದವರನ್ನು ಬಯಲಿಗೆ ಎಳೆದು ತನ್ನಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ, ಈ ಅನಿಲ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಕೋಣೆಯಲ್ಲಿ ನೀರಿನ ಪಾತ್ರೆ ಇಟ್ಟರೂ ಅಷ್ಟೇ, ನೀರು ಇದನ್ನು ಹೀರುವುದಿಲ್ಲ.

108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಉಸಿರಿಲ್ಲದಿದ್ದರೆ, ಗೊತ್ತಿರುವವರು ಎದೆ ಒತ್ತಲು ಶುರು ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: "ಕೆಂಡ ಇಟ್ಟ ಕೋಣೆಯಲ್ಲಿದ್ದರು" ಅಥವಾ "ಗ್ಯಾಸ್ ಗೀಸರ್ ಇದ್ದ ಬಚ್ಚಲಲ್ಲಿ ಬಿದ್ದಿದ್ದರು." ಯಾಕೆಂದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಂಥವರಲ್ಲಿ ಆಮ್ಲಜನಕ ಸರಿಯಾಗಿದೆ ಅಂತಲೇ ತೋರಿಸಬಹುದು. ಬರೀ ಗಾಳಿಯಲ್ಲಿ ಕೂರಿಸಿದರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಗೆ ಇಳಿಯುತ್ತದೆ. "ಈಗ ಸರಿ ಹೋದರು" ಅಂತ ಮನೆಗೆ ಕರೆದೊಯ್ಯಬೇಡಿ. ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡೆ ತಪ್ಪುವುದು ಶುರುವಾಗುತ್ತದೆ.

ಇವತ್ತು ಸಂಜೆ ಕೆಂಡ ಮಾಡುವ ಮುಂಚೆ ಹುಳು ಮನೆ ಸುತ್ತ ಒಮ್ಮೆ ಬನ್ನಿ. ಕೆಟ್ಟ ಗಾಳಿ ಹೊರಗೆ ಹೋಗಲು ದಾರಿ ಎಲ್ಲಿದೆ ಅಂತ ಕೈತೋರಿಸಿ ಹೇಳಲು ನಿಮಗೆ ಆಗದಿದ್ದರೆ, ಬಾಂಡ್ಲಿ ಒಳಗೆ ಹೋಗುವುದು ಬೇಡ. ಒಂದು ಬೆಳೆ ಸೊರಗಿದರೆ ಮತ್ತೆ ಮೊಟ್ಟೆ ತಂದು ಚಾಕಿ ಕಟ್ಟಬಹುದು. ಮಲಗಿದವರು ಏಳದೆ ಹೋದರೆ ಅದಕ್ಕೆ ಮುಂದಿನ ಬೆಳೆ ಅನ್ನುವುದಿಲ್ಲ.